ಅಜ್ಜಮ್ಮನ ಪ್ರಾರ್ಥನೆಗೆ ಶಿಕ್ಷೆ ಕೊಟ್ಟ ಬಿಷಪ್ ಅವರಿಗೆ

ಎತ್ತರದ ಪೀಠದಲ್ಲಿರುವ ಮಾನ್ಯ ಬಿಷಪ್ ಅವರೇ,

ಬಿಳಿಚೋಡಿನ ಎಪ್ಪತ್ತೆಂಟು ವರ್ಷದ ಅಜ್ಜಮ್ಮನವರಿಗೆ ತಮ್ಮ ಕಚೇರಿಯ ಆದೇಶದಂತೆ ಆರು ತಿಂಗಳಿಂದ ಪವಿತ್ರ ಸಂಸ್ಕಾರದ ರೊಟ್ಟಿ, ದ್ರಾಕ್ಷಾರಸ ಕೊಡುತ್ತಿಲ್ಲ. ಅವರು ಕದ್ದಿಲ್ಲ, ಸುಳ್ಳು ಹೇಳಿಲ್ಲ, ಯಾರ ಮನೆಯನ್ನೂ ಒಡೆದಿಲ್ಲ. ಪ್ರಾರ್ಥನೆ ಮಾಡಿದರು. ಅದು ತಮಗೆ ಕೇಳಿಸಿತು, ಅಷ್ಟೇ. ಈಗ ಅವರು ಸೊಂಟ ಮುರಿದು ಹಾಸಿಗೆ ಹಿಡಿದಿದ್ದಾರೆ. ದಾವಣಗೆರೆಯ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದಿದ್ದಾರೆ. ಆ ಮಾತಿನ ಅರ್ಥ ತಮಗೂ ಗೊತ್ತು, ನನಗೂ ಗೊತ್ತು, ಅಜ್ಜಮ್ಮನಿಗೆ ನಮ್ಮೆಲ್ಲರಿಗಿಂತ ಮೊದಲೇ ಗೊತ್ತಾಗಿದೆ. ಸಾಯುವ ಮೊದಲು ಒಂದು ಸಲ ಆ ರೊಟ್ಟಿ, ಕರ್ತನ ಭೋಜನ, ಬೇಕು ಎನ್ನುವುದು ಅವರ ಆಸೆ. ಅದಕ್ಕೆ ತಮ್ಮ ಕಚೇರಿಯಿಂದ ಒಂದು ಕಾಗದ ಅಡ್ಡ ನಿಂತಿದೆ.

ಇದನ್ನು ಪತ್ರಿಕೆಗೆ ಕೊಡಬೇಕೋ ಬೇಡವೋ ಎಂದು ಹತ್ತು ದಿನ ಒದ್ದಾಡಿದೆ. ಬರೆದೆ, ಹರಿದೆ, ಎದ್ದು ಅಂಗಳದಲ್ಲಿ ತಿರುಗಿದೆ, ಮತ್ತೆ ಬಂದು ಕುಳಿತೆ. ಈಗಲೂ ಕೂತಲ್ಲಿ ಕೂರಲಾಗುತ್ತಿಲ್ಲ. ಗುಟ್ಟಾಗಿ ಹೇಳುವುದನ್ನೆಲ್ಲ ಹೇಳಿ ಆಗಿದೆ, ಮಾನ್ಯರೇ. ರಿಜಿಸ್ಟರ್ ಅಂಚೆಯಲ್ಲಿ ಮೂರು ಪತ್ರ ಹಾಕಿದೆ. ಮೊದಲನೆಯದಕ್ಕೆ ಉತ್ತರ ಬಂತು: ‘ತಮ್ಮ ಪತ್ರವನ್ನು ಸಂಬಂಧಪಟ್ಟ ಸಭಾಪಾಲಕರ ಅಭಿಪ್ರಾಯಕ್ಕಾಗಿ ಕಳುಹಿಸಲಾಗಿದೆ.’ ಯಾರ ಮೇಲೆ ದೂರು ಇತ್ತೋ ಅವರ ಕೈಗೇ ದೂರನ್ನು ಕೊಡುವ ಈ ವ್ಯವಸ್ಥೆಯನ್ನು ಪೊಲೀಸ್ ಠಾಣೆಯವರೂ ಕಲಿಯಬೇಕು, ಕೆಲಸ ಎಷ್ಟು ಹಗುರಾಗುತ್ತದೆ! ಎರಡನೆಯದಕ್ಕೆ ‘ಪ್ರಾರ್ಥನೆಯಲ್ಲಿ ನೆನೆಯುತ್ತೇವೆ’ ಎಂಬ ಒಂದು ಸಾಲು ಬಂತು. ಮೂರನೆಯದಕ್ಕೆ ಅದೂ ಇಲ್ಲ.

ನಮ್ಮ ಸಭೆಯ ಸಂಗತಿ ಗೊತ್ತಿಲ್ಲದ ಓದುಗರಿಗಾಗಿ ಸ್ವಲ್ಪ ವಿವರಿಸುತ್ತೇನೆ, ತಾವು ಸಹಿಸಿಕೊಳ್ಳಬೇಕು. ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಮತ್ತು ನಮ್ಮ ಜಗಳೂರು ತಾಲ್ಲೂಕಿನ ಬಿಳಿಚೋಡು, ಈ ನಾಲ್ಕು ಕಡೆಯ ಸಣ್ಣ ಸಭೆಗಳಿಗೆ ಸೇರಿ ಒಬ್ಬರೇ ಸಭಾಪಾಲಕರು. ನಾವು ಅವರನ್ನು ಅಯ್ಯನವರು ಎನ್ನುತ್ತೇವೆ. ಅವರ ಮನೆ ಹೊನ್ನಾಳಿಯಲ್ಲಿ. ನ್ಯಾಮತಿಗೆ ಎರಡನೇ ಭಾನುವಾರ, ಚನ್ನಗಿರಿಗೆ ಮೂರನೇ ಭಾನುವಾರ, ನಮಗೆ ನಾಲ್ಕನೇ ಭಾನುವಾರ. ಬಿಳಿಚೋಡಿನಲ್ಲಿ ನಮ್ಮವು ಹದಿನಾಲ್ಕು ಮನೆ. ಉಳಿದ ಭಾನುವಾರಗಳಲ್ಲಿ ನಾವೇ ಸೇರಿ ಹಾಡುತ್ತೇವೆ, ವಾಕ್ಯ ಓದುತ್ತೇವೆ. ಆದರೆ ರೊಟ್ಟಿ ಮುರಿದು ಕೊಡಲು ದೀಕ್ಷೆ ಪಡೆದ ಅಯ್ಯನವರೇ ಬೇಕು. ಹೀಗಾಗಿ ನಮಗೆ ತಿಂಗಳಿಗೆ ಒಂದೇ ಸಲ ಅದು ಸಿಗುತ್ತದೆ. ಆ ದಿನ ಅಜ್ಜಮ್ಮ ಕೋಳಿ ಕೂಗುವ ಹೊತ್ತಿಗೆ ಎದ್ದು ದೇವಾಲಯ ಗುಡಿಸಿ, ಮೇಜಿಗೆ ಬಿಳಿ ಬಟ್ಟೆ ಹಾಸಿ, ಗಂಟೆ ಬಾರಿಸುತ್ತಿದ್ದರು. ನಲವತ್ತು ವರ್ಷ ಈ ಕೆಲಸ ಮಾಡಿದ್ದಾರೆ. ಯಾರೂ ಅವರನ್ನು ನೇಮಿಸಿರಲಿಲ್ಲ. ಹಾಗಾಗಿ ಯಾರಿಗೂ ತೆಗೆದುಹಾಕಲೂ ಆಗಲಿಲ್ಲ.

ಹೋದ ವರ್ಷ ಜೂನ್ ತಿಂಗಳಿಂದ ಅಯ್ಯನವರು ಬರುವುದು ನಿಂತಿತು. ಒಂದು ತಿಂಗಳು ಮೀಟಿಂಗ್, ಒಂದು ತಿಂಗಳು ಕಾರು ರಿಪೇರಿ, ಒಂದು ತಿಂಗಳು ದಾವಣಗೆರೆಯಲ್ಲಿ ಉಜ್ಜೀವನ ಕೂಟ. ಆಮೇಲೆ ಕಾರಣ ಹೇಳುವ ಸೌಜನ್ಯವೂ ನಿಂತಿತು. ಐದು ತಿಂಗಳು ಅಜ್ಜಮ್ಮ ಬಿಳಿ ಬಟ್ಟೆ ಹಾಸಿದರು, ಮಧ್ಯಾಹ್ನದವರೆಗೆ ಕಾದು ಮಡಚಿಟ್ಟರು. ನಾವು ಓದಿದವರು ಏನು ಮಾಡಿದೆವು? ‘ಅವರಿಗೂ ತೊಂದರೆ ಇರುತ್ತದೆ’ ಎಂದು ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಂಡೆವು. ಸಭೆಯ ವಾಟ್ಸಾಪ್ ಗುಂಪಿನಲ್ಲಿ ಒಬ್ಬ ಯುವಕ ‘ನಮ್ಮ ಊರಿಗೆ ಯಾವಾಗ?’ ಎಂದು ಕೇಳಿದ್ದಕ್ಕೆ, ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಗುಂಪಿಗೆ ಬೀಗ ಬಿತ್ತು. ಈಗ ಅದರಲ್ಲಿ ಹೂವಿನ ಚಿತ್ರದ ಜೊತೆ ಶುಭೋದಯ ಮಾತ್ರ ಬರುತ್ತದೆ.

ನಮ್ಮಲ್ಲಿ ಒಂದು ಪದ್ಧತಿ ಇತ್ತು, ಚೀಟಿ ಪ್ರಾರ್ಥನೆ. ಹಳೆಯ ಬಿಸ್ಕತ್ತಿನ ಡಬ್ಬಿಯ ಮುಚ್ಚಳದಲ್ಲಿ ಸೀಳು ಮಾಡಿ ಬಾಗಿಲ ಬಳಿ ಇಡುತ್ತಿದ್ದೆವು. ಯಾರಿಗೆ ಏನು ಬೇಕೋ ಅದನ್ನು ಬರೆದು ಹಾಕಬಹುದು, ಹೆಸರು ಬರೆಯಬಾರದು. ಚೀಟಿಯನ್ನು ಮೊದಲೇ ಬಿಚ್ಚಿ ನೋಡಬಾರದು, ಇದ್ದದ್ದನ್ನು ಇದ್ದ ಹಾಗೆ ಓದಬೇಕು. ಒಂದೊಂದು ಚೀಟಿ ಓದಿದ ಮೇಲೆ ಸಭೆಯೆಲ್ಲ ‘ಕರ್ತನೇ, ನಮ್ಮ ಮೊರೆಯನ್ನು ಕೇಳು’ ಎನ್ನಬೇಕು. ಎಮ್ಮೆ ಗಬ್ಬ ನಿಲ್ಲಲಿ ಎಂದು ಬರುತ್ತಿತ್ತು, ಮಗಳಿಗೆ ಹಾಸ್ಟೆಲ್ ಸೀಟು ಸಿಗಲಿ ಎಂದು ಬರುತ್ತಿತ್ತು, ನಮ್ಮತ್ತೆಯ ನಾಲಗೆಗೆ ಸ್ವಲ್ಪ ವಿಶ್ರಾಂತಿ ಕೊಡು ಎಂದೂ ಒಮ್ಮೆ ಬಂದಿತ್ತು. ಆ ಅತ್ತೆಯೂ ಎಲ್ಲರ ಜೊತೆ ಗಟ್ಟಿಯಾಗಿ ‘ಕೇಳು’ ಅಂದಿದ್ದರು. ಬಾಯಿ ಬಿಟ್ಟು ಹೇಳಲಾಗದವರು ಹೇಳಿಕೊಳ್ಳಲು ನಮ್ಮ ಹಿರಿಯರು ಕಂಡುಕೊಂಡಿದ್ದ ದಾರಿ ಅದು.

ನವೆಂಬರಿನಲ್ಲಿ ಸುಗ್ಗಿಯ ಸ್ತೋತ್ರಾರಾಧನೆಗೆ ನಾಲ್ಕೂ ಸಭೆಯವರು ಹೊನ್ನಾಳಿಯಲ್ಲಿ ಸೇರಿದ್ದೆವು. ತಾವು ಮುಖ್ಯ ಅತಿಥಿಗಳಾಗಿ ವೇದಿಕೆಯ ಮೇಲಿದ್ದಿರಿ. ಚೀಟಿ ಓದುವ ಸರದಿ ಬಂತು. ಊಟಕ್ಕೆ ತಡವಾಗುತ್ತಿತ್ತಾದ್ದರಿಂದ ಅಯ್ಯನವರು ಬಸ್ ನಿಲ್ದಾಣದಲ್ಲಿ ಊರ ಹೆಸರು ಕೂಗುವವರ ವೇಗದಲ್ಲಿ ಓದುತ್ತಿದ್ದರು. ಆರನೆಯದೋ ಏಳನೆಯದೋ ಚೀಟಿಯನ್ನೂ ಹಾಗೆಯೇ ಓದಿದರು: ‘ದೇವ್ರೇ, ಐದು ತಿಂಗಳಾತು, ನಮ್ಮ ಅಯ್ಯನೋರಿಗೆ ಬಿಳಿಚೋಡು ಮರ್ತು ಹೋಗೈತೆ. ಅವರಿಗೆ ನಮ್ಮೂರ ಬಸ್ಸು ತೋರ್ಸು. ಬರಾಕೆ ಮನಸಿಲ್ಲ ಅಂದ್ರೆ, ಬರೋ ಮನಸಿರೋ ಒಬ್ಬರನ್ನ ಕಳ್ಸು.’

ಓದಿ ಮುಗಿಸಿದ ಮೇಲೆ ಅಯ್ಯನವರಿಗೆ ಗೊತ್ತಾಯಿತು, ಓದಿದ್ದೇನು ಎಂದು. ಅಷ್ಟರಲ್ಲಿ ಇನ್ನೂರೈವತ್ತು ಜನ, ರೂಢಿಯ ಬಲದಿಂದ, ಒಂದೇ ಉಸಿರಿನಲ್ಲಿ ‘ಕರ್ತನೇ, ನಮ್ಮ ಮೊರೆಯನ್ನು ಕೇಳು’ ಎಂದುಬಿಟ್ಟಿದ್ದೆವು. ಹೊನ್ನಾಳಿಯವರೂ ಎಂದರು, ನ್ಯಾಮತಿಯವರೂ ಎಂದರು. ಅಯ್ಯನವರ ಪತ್ನಿಯೂ ಎಂದರು, ಪಾಪ. ಆಮೇಲೆ ನೋಡಿ, ತಾವು ನೀರಿನ ಬಾಟಲಿಯ ಮುಚ್ಚಳ ತೆಗೆದಿರಿ, ಕುಡಿಯದೆ ಮತ್ತೆ ಹಾಕಿದಿರಿ. ನಾನು ಎರಡನೇ ಸಾಲಿನಲ್ಲಿದ್ದೆ, ಕಣ್ಣಾರೆ ಕಂಡೆ.

ಆ ಕ್ಷಣದಲ್ಲಿ ತಾವು ಕೇಳಬಹುದಾಗಿದ್ದ ಪ್ರಶ್ನೆ ಸರಳವಾಗಿತ್ತು. ಅಯ್ಯನವರೇ, ಬಿಳಿಚೋಡಿಗೆ ಯಾಕೆ ಹೋಗಲಿಲ್ಲ? ಇಷ್ಟು ಕೇಳಿದ್ದರೆ ಅವರು ತಲೆ ತಗ್ಗಿಸುತ್ತಿದ್ದರು, ಮುಂದಿನ ತಿಂಗಳು ಬರುತ್ತಿದ್ದರು, ನಾವು ಅವರಿಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ಬಡಿಸಿ ಎಲ್ಲ ಮರೆಯುತ್ತಿದ್ದೆವು. ಆದರೆ ತಮ್ಮ ಬಾಯಿಂದ ಬಂದ ಪ್ರಶ್ನೆ ಬೇರೆ: ‘ಇದನ್ನು ಬರೆದವರು ಯಾರು?’ ಇನ್ನೂರೈವತ್ತು ಜನ ಒಟ್ಟಿಗೆ ದನಿಗೂಡಿಸಿದ್ದು ಸಂಚಿನ ಲಕ್ಷಣ ಎಂದು, ಆಮೇಲೆ ರಚಿಸಿದ ತನಿಖಾ ಸಮಿತಿಯ ವರದಿಯಲ್ಲಿ ಬರೆಸಿದ್ದೀರಂತೆ. ದೇವಾಲಯದಲ್ಲಿ ಜನ ಒಂದೇ ದನಿಯಲ್ಲಿ ಪ್ರಾರ್ಥನೆ ಮಾಡಿದರೆ ಸಂಚು ಎನಿಸುವುದಾದರೆ, ಅಲ್ಲಿಗೆ ನಮ್ಮನ್ನು ಯಾಕೆ ಕರೆಯುತ್ತೀರಿ?

ಆಮೇಲೆ ನಡೆದದ್ದನ್ನು ನೆನೆದರೆ ನಗು ಬರುತ್ತದೆ, ನಕ್ಕ ಮೇಲೆ ಹೊಟ್ಟೆ ಉರಿಯುತ್ತದೆ. ಚೀಟಿ ಡಬ್ಬಿಯನ್ನು ಜಪ್ತಿ ಮಾಡಲಾಯಿತು. ಇನ್ನು ಮುಂದೆ ಪ್ರಾರ್ಥನೆ ಕೋರಿಕೆಗಳನ್ನು ಹೆಸರು ಮತ್ತು ಮೊಬೈಲ್ ಸಂಖ್ಯೆಯೊಂದಿಗೆ ಕಾರ್ಯದರ್ಶಿಗೆ ಮೂರು ದಿನ ಮೊದಲೇ ಸಲ್ಲಿಸಬೇಕು ಎಂದು ಸುತ್ತೋಲೆ ಬಂತು. ದೇವರು ಒಟಿಪಿ ಕೇಳುವುದೊಂದು ಬಾಕಿ. ಸತ್ಯಶೋಧನೆಗೆಂದು ಮೂವರ ಸಮಿತಿ ರಚನೆಯಾಯಿತು. ಅವರು ಭಾನುವಾರ ಶಾಲೆಯ ಹಳೆಯ ನೋಟ್ ಪುಸ್ತಕಗಳನ್ನು ತರಿಸಿ, ಚೀಟಿಯ ಅಕ್ಷರದ ಜೊತೆ ಹೋಲಿಸಲು ಕುಳಿತರು. ನಮ್ಮ ಊರಿನ ಹನ್ನೊಂದು ಜನರ ಅಕ್ಷರ ಚೀಟಿಗೆ ಹೊಂದಿತು. ಹೊಂದದೆ ಇನ್ನೇನು? ಹತ್ತೊಂಬತ್ತು ವರ್ಷದಿಂದ ಆ ಭಾನುವಾರ ಶಾಲೆಯಲ್ಲಿ ಅಕ್ಷರ ತಿದ್ದಿಸಿದವಳು ನಾನೊಬ್ಬಳೇ. ನಮ್ಮ ಸಭೆಯ ಅರ್ಧ ಜನ ನನ್ನ ಹಾಗೆಯೇ ಬರೆಯುತ್ತಾರೆ. ಡಿಸೆಂಬರಿನ ಒಂದು ಶನಿವಾರ ಆ ಹನ್ನೊಂದು ಜನರನ್ನೂ ಹೊನ್ನಾಳಿಗೆ ಕರೆಸಿದಿರಿ. ಕೂಲಿ ಬಿಟ್ಟು ಬಂದವರಿದ್ದರು, ಪರೀಕ್ಷೆ ಬಿಟ್ಟು ಬಂದ ಹುಡುಗಿಯಿದ್ದಳು, ನಾನೂ ಇದ್ದೆ.

ಹನ್ನೆರಡನೆಯವರಾಗಿ, ಯಾರೂ ಕರೆಯದೆ, ಅಜ್ಜಮ್ಮ ಬಂದರು. ದಾವಣಗೆರೆಯಲ್ಲಿ ಬಸ್ಸು ಬದಲಿಸಿ, ಕೋಲೂರಿಕೊಂಡು ನೆಟ್ಟಗೆ ಸಮಿತಿಯ ಕೋಣೆಗೆ ಹೋಗಿ ನಿಂತರು.

“ಚೀಟಿ ನಂದು. ಈ ಮಕ್ಕಳನ್ನ ಊರಿಗೆ ಕಳಿಸ್ರಿ,” ಅಂದರು.

ಸಮಿತಿಯ ಕಾರ್ಯದರ್ಶಿ ವಿನಯ್ ಕುಮಾರ್ ಅವರು, “ಅಜ್ಜೀ, ನಿಮಗೆ ಓದಾಕೆ ಬರಿಯಾಕೆ ಬರಲ್ಲ. ಬರೆದೋರು ಯಾರು ಅದನ್ನ ಹೇಳ್ರಿ,” ಅಂದರು.

“ಹೇಳಿದ್ದು ನಾನು. ಬಾಯಿ ನಂದು. ಕೈ ಯಾರದಾದ್ರೆ ನಿಮಗೇನಾತು?”

ಅಜ್ಜಮ್ಮ ಇಷ್ಟು ಹೇಳುವಾಗ ಅವರಿಂದ ಮೂರು ಮಾರು ದೂರದ ಬೆಂಚಿನ ಮೇಲೆ ನಾನು ಕುಳಿತಿದ್ದೆ. ಮಾನ್ಯರೇ, ಆ ಚೀಟಿಯನ್ನು ಬರೆದದ್ದು ನಾನು. ಅಜ್ಜಮ್ಮ ತಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಹೇಳಿದರು, ನಾನು ಒಂದಕ್ಷರ ಬದಲಿಸದೆ ಬರೆದೆ. ಬರೆಯುವಾಗ ಇಬ್ಬರೂ ನಕ್ಕಿದ್ದೆವು. ವಿನಯ್ ಕುಮಾರ್ ನನ್ನ ಕಡೆ ತಿರುಗಿ, “ಶಾಂತಲಾ ಟೀಚರ್, ಇದು ನಿಮ್ಮ ಅಕ್ಷರನಾ?” ಎಂದು ನೇರವಾಗಿಯೇ ಕೇಳಿದರು. ನಾನು ತಮ್ಮ ಆಡಳಿತಕ್ಕೆ ಸೇರಿದ ಶಾಲೆಯೊಂದರಲ್ಲಿ ಶಿಕ್ಷಕಿ. ಆ ನೌಕರಿಯಿಂದಲೇ ಮನೆ ನಡೆಯುತ್ತದೆ. “ಎಲ್ಲರ ಅಕ್ಷರನೂ ಹಿಂಗೇ ಐತಲ್ಲ ಸರ್,” ಅಂದೆ. ಸುಳ್ಳು ಎನ್ನಲಾಗದ, ನಿಜ ಎನ್ನಲೂ ಆಗದ ಇಂಥ ಮಾತನ್ನು ಆಡಲು ನನಗೆ ತಮ್ಮ ಕಚೇರಿಯ ಪತ್ರಗಳೇ ಕಲಿಸಿರಬೇಕು. ಅಜ್ಜಮ್ಮ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನೋಡಿದರೆ ಎಲ್ಲಿ ಸಮಿತಿಯವರಿಗೆ ಗೊತ್ತಾಗುತ್ತದೋ ಎಂದು ನೋಡಲಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತು, “ನಿನ್ನ ನೌಕರಿ ಹೋದ್ರೆ ನಾನೇನು ಅನ್ನ ಹಾಕ್ತೀನಾ? ಸುಮ್ನಿರು,” ಅಂದರು. ನಾನು ಸುಮ್ಮನಿದ್ದೆ. ನಾಚಿಕೆಯಾಗುತ್ತದೆ, ತಮಗೆ ಹಾಕಿದ ಮೂರು ಪತ್ರಗಳಲ್ಲೂ ಈ ವಿಷಯ ಬರೆಯದೆ ಆರು ತಿಂಗಳು ಸುಮ್ಮನಿದ್ದೆ.

ಆದೇಶ ಬಂತು. ಅಜ್ಜಮ್ಮ ಪಶ್ಚಾತ್ತಾಪ ಪತ್ರ ಸಲ್ಲಿಸುವವರೆಗೆ ಅವರನ್ನು ಪವಿತ್ರ ಸಂಸ್ಕಾರದಿಂದ ದೂರವಿಡಲಾಗಿದೆ ಎಂದು. ಪತ್ರದ ನಮೂನೆಯನ್ನೂ ತಾವೇ ಅಚ್ಚು ಹಾಕಿಸಿ ಕಳಿಸಿದ್ದಿರಿ, ಹೆಬ್ಬೆಟ್ಟು ಒತ್ತಲು ಜಾಗ ಬಿಟ್ಟು. ಅದನ್ನು ಅವರಿಗೆ ಓದಿ ಹೇಳುವ ಕೆಲಸ ಯಾರಿಗೆ ಬಂತು ಹೇಳಿ? ಓದು ಬಲ್ಲ ಟೀಚರಿಗೆ. ‘ಸಭೆಯ ಗೌರವಕ್ಕೆ ಧಕ್ಕೆ ತರುವ ಕೋರಿಕೆಯನ್ನು ದೇವರ ಮುಂದೆ ಇಟ್ಟಿದ್ದಕ್ಕಾಗಿ ವಿಷಾದಿಸಿ ಅದನ್ನು ಹಿಂಪಡೆಯುತ್ತೇನೆ’ ಎಂದು ಓದಿದೆ. ಅಜ್ಜಮ್ಮ ಎರಡು ಸಲ ಓದಿಸಿದರು.

“ಹಿಂಪಡೆಯಾದು ಅಂದ್ರೆ ವಾಪಸ್ ತಗಣಾದಾ?”

“ಹೌದು ಅಜ್ಜಮ್ಮ.”

“ದೇವ್ರಿಗೆ ಕೇಳಿದ್ದನ್ನ ವಾಪಸ್ ತಗಣಾದು ಹೆಂಗೆ? ಅವನು ಆಗ್ಲೇ ಕೇಳಿಸ್ಕಂಡಾನಲ್ಲ. ಒಯ್ದು ಅವರಿಗೇ ಕೊಡವ್ವ.”

ತಮಾಷೆ ನೋಡಿ, ಅವನು ನಿಜಕ್ಕೂ ಕೇಳಿಸಿಕೊಂಡಿದ್ದ. ಜನವರಿಯಿಂದ ಅಯ್ಯನವರು ಒಂದು ನಾಲ್ಕನೇ ಭಾನುವಾರವನ್ನೂ ತಪ್ಪಿಸಿಲ್ಲ. ಒಂಬತ್ತೂವರೆಗೆಲ್ಲ ಕಾರು ಬಂದು ನಿಲ್ಲುತ್ತದೆ. ಪ್ರಾರ್ಥನೆ ಇಷ್ಟು ಚೆನ್ನಾಗಿ ಫಲಿಸಿದ್ದನ್ನು ನಾನು ನನ್ನ ಜನ್ಮದಲ್ಲಿ ಕಂಡಿಲ್ಲ. ಹದಿನಾಲ್ಕು ಮನೆಯವರಿಗೂ ರೊಟ್ಟಿ ಸಿಗುತ್ತದೆ. ಅದನ್ನು ಬೇಡಿ ತರಿಸಿದ ಮುದುಕಿಗೆ ಮಾತ್ರ ಇಲ್ಲ. ಜನವರಿ, ಫೆಬ್ರವರಿ, ಮಾರ್ಚ್, ಮೂರು ತಿಂಗಳೂ ಅವರು ಗುಡಿಸಿದರು, ಬಟ್ಟೆ ಹಾಸಿದರು, ಎಲ್ಲರ ಜೊತೆ ಮುಂದೆ ಹೋಗಿ ಮೊಣಕಾಲೂರಿ ಕೈ ಚಾಚಿದರು. ಅಯ್ಯನವರು ಅವರ ಕೈ ದಾಟಿ ಪಕ್ಕದವರ ಕೈಗೆ ಹೋದರು. ಮೂರನೇ ಸಲ ಅವರ ಪಕ್ಕದಲ್ಲಿ ಇದ್ದವಳು ನಾನೇ. ನಾನು ತೆಗೆದುಕೊಂಡೆ, ತಿಂದೆ.

ಏಪ್ರಿಲ್‌ನಲ್ಲಿ ಅಜ್ಜಮ್ಮ ದೇವಾಲಯದ ಮೆಟ್ಟಿಲ ಮೇಲೆ ನೀರು ಸುರಿದು ತೊಳೆಯುವಾಗ ಜಾರಿಬಿದ್ದರು. ಮೇ ತಿಂಗಳ ನಾಲ್ಕನೇ ಭಾನುವಾರ ಆರಾಧನೆ ಮುಗಿದ ಮೇಲೆ ಅಯ್ಯನವರು ಕಾಯಿಲೆಯವರ ಮನೆಗಳಿಗೆ ರೊಟ್ಟಿ ಕೊಡಲು ಹೋದರು. ಅದು ಅವರ ಕರ್ತವ್ಯ, ಶ್ರದ್ಧೆಯಿಂದಲೇ ಮಾಡಿದರು. ಅಜ್ಜಮ್ಮನ ಬೀದಿಯಲ್ಲೇ ಎರಡು ಮನೆಗೆ ಹೋದರು. ಸೊಸೆ ಕಲ್ಪನಾ ಮಂಚದ ಪಕ್ಕ ಒಗೆದ ಬಟ್ಟೆ ಹಾಸಿ, ಬಾಗಿಲು ತೆರೆದಿಟ್ಟು ಕಾಯುತ್ತಿದ್ದಳು. ಕಾರು ಅವರ ಬಾಗಿಲಿನ ಮುಂದಿನಿಂದಲೇ ಹೋಯಿತು. ಪಕ್ಕದ ಮನೆಯ ಚಮನಬಿಯವರು ಆಗ ಅಜ್ಜಮ್ಮನಿಗೆ ಗಂಜಿ ತಂದಿದ್ದರು. ನಲವತ್ತು ವರ್ಷದ ನೆರೆಹೊರೆ ಅವರದು. ಗಂಜಿ ಕೆಳಗಿಟ್ಟು, ಬಾಗಿಲ ಬಳಿ ನಿಂತಿದ್ದ ನನ್ನನ್ನು ಕೇಳಿದರು:

“ಟೀಚರಮ್ಮ, ನಿಮ್ಮ ಅಯ್ಯನೋರಿಗೆ ಈ ಮನಿಗೆ ಬರಾಕೆ ಏನು ತೊಂದ್ರೆ ಐತ್ರೀ? ಇಷ್ಟು ದಿನದಿಂದ ನೋಡ್ತಾ ಇದೀನಿ. ಮುದುಕಿ ಏನು ಮಾಡೈತೆ?”

ದೇವರ ಹತ್ತಿರ ದೂರು ಹೇಳಿತು ಎಂದೆ. ಚಮನಬಿ ನಾನು ಹುಡುಗಾಟಕ್ಕೆ ಹೇಳಿದೆ ಎಂದುಕೊಂಡು ಬೇಜಾರಾಗಿ ಒಳಗೆ ಹೋದರು.

ತಮ್ಮ ಕಡೆಯವರ ವಾದ ನನಗೆ ಗೊತ್ತು. ನಾವು ಸಣ್ಣ ಸಮುದಾಯ, ಕಾಲ ಸರಿಯಿಲ್ಲ, ನಮ್ಮ ಮನೆಯ ಜಗಳ ಬೀದಿಗೆ ಬಂದರೆ ಹೊರಗಿನವರು ನಗುತ್ತಾರೆ, ಅವರ ಕೈಗೆ ನಾವೇ ಕೋಲು ಕೊಟ್ಟಂತೆ. ಈ ಭಯ ಸುಳ್ಳಲ್ಲ, ಆ ಭಯದಲ್ಲೇ ನಾನೂ ಬೆಳೆದವಳು. ಆದರೆ ಈ ಭಯವನ್ನು ತಾವು ಎಷ್ಟು ಚೆನ್ನಾಗಿ ಬಳಸುತ್ತೀರಿ! ಚಾವಣಿ ಸೋರುತ್ತಿದೆ ಎಂದರೂ ಸುಮ್ಮನಿರಿ, ಅಯ್ಯನವರು ಬರಲಿಲ್ಲ ಎಂದರೂ ಸುಮ್ಮನಿರಿ, ಸಭಾ ಸಮಿತಿಯ ಚುನಾವಣೆ ಎಂಟು ವರ್ಷದಿಂದ ನಡೆದಿಲ್ಲ ಎಂದರೂ ಸುಮ್ಮನಿರಿ, ಹೊರಗಿನವರು ಕೇಳಿಸಿಕೊಳ್ಳುತ್ತಾರೆ. ಹೊರಗಿನವರು ಎಂದರೆ ಯಾರು? ಗಂಜಿ ತಂದ ಚಮನಬಿಯೇ? ಅವರು ಆ ಮನೆಯ ಒಳಗಿದ್ದರು. ಹೊರಗೆ ಕಾರಿನಲ್ಲಿದ್ದವರು ನಮ್ಮವರು. ಹಿರಿಯರಿಗೆ ಎದುರಾಡುವುದು ಅಹಂಕಾರ, ಸಭೆಯನ್ನು ಒಡೆಯುವ ಕೆಲಸ ಎಂದು ತಾವು ಈಸ್ಟರ್ ದಿನ ಮುಕ್ಕಾಲು ಗಂಟೆ ಪ್ರಸಂಗ ಮಾಡಿದ್ದನ್ನು ವಿಡಿಯೋದಲ್ಲಿ ನೋಡಿದೆ. ಅಜ್ಜಮ್ಮ ಸಭೆಯನ್ನು ಒಡೆಯಲಿಲ್ಲ. ಬೇರೆ ಪಂಗಡದವರು ಬಂದು, “ನಮ್ಮ ಕೂಟಕ್ಕೆ ಬನ್ರಿ, ನಾವು ಇವತ್ತೇ ಕೊಡ್ತೀವಿ,” ಎಂದು ಕರೆದರು. ಅಜ್ಜಮ್ಮ ಹೋಗಲಿಲ್ಲ. “ನನ್ನ ದೀಕ್ಷಾಸ್ನಾನ ಆಗಿದ್ದು ಇಲ್ಲಿ, ಮದುವಿ ಆಗಿದ್ದು ಇಲ್ಲಿ, ಗಂಡನ್ನ ಮಣ್ಣು ಮಾಡಿದ್ದು ಇಲ್ಲಿ. ಬೈದ್ರೂ ಇಲ್ಲೇ ಬೈತೀನಿ,” ಅಂದರು. ದೂರು ಹೇಳುವವರು ಮನೆ ಬಿಟ್ಟು ಹೋದವರಲ್ಲ, ಮಾನ್ಯರೇ. ಬಿಟ್ಟು ಹೋದವರು ದೂರು ಹೇಳುವುದಿಲ್ಲ. ಚನ್ನಗಿರಿಯಲ್ಲಿ ಆರು ಮನೆಯವರು ಒಂದು ಮಾತೂ ಆಡದೆ ಹೋದರು, ತಮ್ಮ ವರದಿಗಳಲ್ಲಿ ಅದಕ್ಕೊಂದು ಸಾಲೂ ಇಲ್ಲ.

ಅಯ್ಯನವರ ಮೇಲೆ ನನಗೆ ಹಗೆಯಿಲ್ಲ. ನಾಲ್ಕು ಕಡೆ ಓಡಾಡುವ ಒಬ್ಬ ಮನುಷ್ಯನಿಗೆ ಸುಸ್ತಾಗುತ್ತದೆ. ಮಾರ್ಚ್ ತಿಂಗಳಲ್ಲಿ ಅಜ್ಜಮ್ಮನ ಕೈ ದಾಟಿದವರು ಒಂದು ಹೆಜ್ಜೆ ಹಿಂದೆ ಬಂದು ಮತ್ತೆ ಮುಂದೆ ಹೋದದ್ದನ್ನು ಕಂಡಿದ್ದೇನೆ. ಆದೇಶ ಇಲ್ಲದಿದ್ದರೆ ಅವರು ಅಂದೇ ಕೊಟ್ಟುಬಿಡುತ್ತಿದ್ದರೋ ಏನೋ. ಆದೇಶ ತಮ್ಮದು, ಅದಕ್ಕೇ ಈ ಪತ್ರ ತಮಗೆ.

ತಮಗೆ ಪಶ್ಚಾತ್ತಾಪ ಪತ್ರ ಬೇಕಲ್ಲವೇ? ಇಗೋ, ಕೊಡುತ್ತಿದ್ದೇನೆ. ಬಿಳಿಚೋಡಿನ ಭಾನುವಾರ ಶಾಲೆಯ ಶಿಕ್ಷಕಿ ಶಾಂತಲಾ ಎಂಬ ನಾನು, ಆ ಚೀಟಿಯನ್ನು ನನ್ನ ಕೈಯಾರೆ ಬರೆದೆ. ಬರೆದದ್ದಕ್ಕೆ ನನಗೆ ಯಾವ ವಿಷಾದವೂ ಇಲ್ಲ. ಹೊನ್ನಾಳಿಯ ಆ ಬೆಂಚಿನ ಮೇಲೆ ಕುಳಿತು ‘ಬರೆದವಳು ನಾನು’ ಎನ್ನಲಿಲ್ಲವಲ್ಲ, ಅದಕ್ಕೆ ಪಶ್ಚಾತ್ತಾಪ ಪಡುತ್ತೇನೆ. ಶಿಕ್ಷೆ ಇನ್ನು ನನಗೆ ಬರಲಿ. ನನ್ನ ಹೆಸರು ತೆಗೆಯಿರಿ, ನೌಕರಿಯಿಂದಲೂ ತೆಗೆಯಿರಿ. ಭಯವಿಲ್ಲ ಎಂದರೆ ಸುಳ್ಳಾಗುತ್ತದೆ, ಬೇಕಾದಷ್ಟಿದೆ.

ಆದರೆ ಈ ತಿಂಗಳ ನಾಲ್ಕನೇ ಭಾನುವಾರ ಅಯ್ಯನವರು ಅಜ್ಜಮ್ಮನ ಮನೆಗೆ ಹೋಗಬೇಕು. ಹೆಬ್ಬೆಟ್ಟು ಕೇಳಬಾರದು, ಕ್ಷಮೆ ಕೇಳಿಸಬಾರದು, ಉಪದೇಶ ಮಾಡಬಾರದು. ಅದಕ್ಕೆ ತಾವು ಇವತ್ತೇ ಒಂದು ಫೋನ್ ಮಾಡಿದರೆ ಸಾಕು. ಭಾನುವಾರದವರೆಗೆ ಅವರು ಉಳಿಯುತ್ತಾರೋ ಇಲ್ಲವೋ ಗೊತ್ತಿಲ್ಲ, ಅದಕ್ಕಿಂತ ಮೊದಲೇ ಬಂದರೆ ಇನ್ನೂ ಒಳ್ಳೆಯದು. ಅಯ್ಯನವರಿಗೆ ಇನ್ನೊಂದು ಮಾತು ಹೇಳಿ: ರೊಟ್ಟಿಯ ಚೂರು ಸಣ್ಣದಿರಲಿ, ದ್ರಾಕ್ಷಾರಸದಲ್ಲಿ ಚೆನ್ನಾಗಿ ನೆನೆಸಿ ಕೊಡಲಿ. ಅವರಿಗೆ ಈಗ ಗಟ್ಟಿಯಾದದ್ದನ್ನು ನುಂಗಲು ಆಗುವುದಿಲ್ಲ.

ಇಂತಿ, ಆರು ತಿಂಗಳು ತಡವಾಗಿ ಬಾಯಿ ಬಿಟ್ಟ,
ಶಾಂತಲಾ
ಸದ್ಯಕ್ಕೆ ಶಿಕ್ಷಕಿ, ಸದ್ಯಕ್ಕೆ ಸಭೆಯ ಸದಸ್ಯೆ
ಬಿಳಿಚೋಡು, ಜಗಳೂರು ತಾಲ್ಲೂಕು